ಲೆಕ್ಕಕ್ಕೆ ಸಿಗದ ಒಂಬತ್ತು ಟನ್

ಎಂಬತ್ತನಾಲ್ಕು ಬರಬೇಕಿತ್ತು, ಎಂಬತ್ತೆಂಟು ಬಂತು.

ಮಿಲಿಮೀಟರ್ ಲೆಕ್ಕ. ಮೂರು ಮೀಟರ್ ಉದ್ದದ ತಂತಿ, ಅದರ ತುದಿಗೆ ಉಕ್ಕಿನ ಗುಂಡು, ಗುಂಡು ಅಲ್ಲಾಡದೆ ನಿಲ್ಲಲೆಂದು ಕೆಳಗೊಂದು ಬಾನಿ ಎಣ್ಣೆ, ತಂತಿಯ ಹಿಂದೆ ಅಡ್ಡಲಾಗಿ ಒಂದು ಅಳತೆಪಟ್ಟಿ. ಹಡಗನ್ನು ವಾಲಿಸಿ ನೋಡುವ ಪರೀಕ್ಷೆಗೆ ಬೇಕಾದದ್ದು ಇಷ್ಟೇ. ಡೆಕ್ಕಿನ ಎಡಪಕ್ಕದಲ್ಲಿಟ್ಟ ನಾಲ್ಕು ಟನ್ ಕಾಂಕ್ರೀಟ್ ದಿಮ್ಮಿಗಳನ್ನು ಕ್ರೇನು ಹತ್ತು ಮೀಟರ್ ಆಚೆ, ಬಲಪಕ್ಕಕ್ಕೆ ಎತ್ತಿಡುತ್ತದೆ. ಹಡಗು ಆ ಕಡೆಗೆ ಕಣ್ಣಿಗೆ ಕಾಣದಷ್ಟು ವಾಲುತ್ತದೆ. ಗುಂಡು ಮಾತ್ರ ನೆಟ್ಟಗೆ ತೂಗುತ್ತದೆ. ತಂತಿ ಪಟ್ಟಿಯ ಮೇಲೆ ಎಷ್ಟು ಸರಿಯಿತು ಎಂಬುದರಿಂದ, ಹಡಗಿನ ಭಾರವೆಲ್ಲ ಒಟ್ಟಾರೆ ಎಷ್ಟು ಎತ್ತರದಲ್ಲಿ ಕೂತಿದೆ ಎಂದು ಲೆಕ್ಕ ಹಾಕಬಹುದು. ಹೆಚ್ಚು ಸರಿದರೆ ಭಾರ ಮೇಲಿದೆ. ಭಾರ ಮೇಲಿರುವ ಹಡಗು ಒಮ್ಮೆ ವಾಲಿದರೆ ಮತ್ತೆ ಏಳಲು ಮೀನಮೇಷ ಎಣಿಸುತ್ತದೆ.

ಆ ಸೋಮವಾರ ಬೆಳಿಗ್ಗೆ ಗಾಳಿ ಇರಲಿಲ್ಲ. ಹಡಗಿನಲ್ಲಿ ಹದಿನಾಲ್ಕು ಜನರಿದ್ದರು, ಹದಿನಾಲ್ಕು ಜನರೂ ನಡುಗೆರೆಯ ಮೇಲೆ ಸಾಲಾಗಿ, ಫೋಟೊಗೆ ನಿಂತವರಂತೆ ಉಸಿರು ಬಿಗಿಹಿಡಿದು ನಿಂತಿದ್ದರು. ವೆಲ್ಡಿಂಗ್ ಮೇಸ್ತ್ರಿ ಸೀನು ಬಂದಂತಾಗಿ ಮೂಗು ಅರಳಿಸಿದ.

"ಸೀನಬೇಡ್ರೀ, ಅದು ಲೆಕ್ಕದಲ್ಲಿಲ್ಲ," ಎಂದಳು ತಕ್ಕಡಿ.

ತಕ್ಕಡಿ ಅವಳ ಹೆಸರಲ್ಲ. ಹಡಗುಕಟ್ಟೆಯಲ್ಲಿ ಅವಳ ಹೆಸರು ಗೊತ್ತಿದ್ದವರು ಸಂಬಳದ ಗುಮಾಸ್ತ ಒಬ್ಬನೇ ಇರಬೇಕು. ವಿನ್ಯಾಸ ಕಚೇರಿಯಲ್ಲಿ ಅವಳ ಕೆಲಸ ತೂಕ ಬರೆಯುವುದು. ಹಡಗಿನೊಳಗೆ ಹೋಗುವ ಪ್ರತಿಯೊಂದು ವಸ್ತುವೂ, ಹದಿನೆಂಟು ಟನ್ನಿನ ಬ್ಯಾಟರಿ ಸಾಲಿನಿಂದ ಹಿಡಿದು ಬಚ್ಚಲಿನ ನಲ್ಲಿಯವರೆಗೆ, ಮೊದಲು ಉಗ್ರಾಣದ ಮುಂದಿನ ತೂಕದ ಕಟ್ಟೆಯ ಮೇಲೆ ಕೂರಬೇಕು, ಅವಳ ಪುಸ್ತಕದಲ್ಲಿ ತೂಕವೂ ಎತ್ತರವೂ ದಾಖಲಾಗಬೇಕು, ಆಮೇಲೆ ಏಣಿ ಹತ್ತಬೇಕು. ಹದಿನಾಲ್ಕು ವರ್ಷಗಳಲ್ಲಿ ಹನ್ನೊಂದು ಹಡಗು. ಪರೀಕ್ಷೆ ಮಾಡಿದ ಯಾವ ಹಡಗಿನಲ್ಲೂ ಅವಳ ಪುಸ್ತಕ ಒಂದು ಟನ್‌ಗಿಂತ ಹೆಚ್ಚು ಆಚೀಚೆ ಆದದ್ದಿಲ್ಲ.

ಎರಡನೆಯ ತಂತಿ ಎಂಬತ್ತೇಳು ತೋರಿಸಿತು. ಮೂರನೆಯದು ಮತ್ತೆ ಎಂಬತ್ತೆಂಟು.

ಪರೀಕ್ಷೆಗೆ ಬಂದಿದ್ದ, ಹಡಗುಗಳ ಸುರಕ್ಷತೆಗೆ ಸಹಿ ಹಾಕುವ ಸರ್ವೇಯರಮ್ಮ ಕನ್ನಡಕ ಹಣೆಗೇರಿಸಿ ಒಂದು ಚೀಟಿಯ ಮೇಲೆ ಗುಣಿಸಿದರು. ಹಡಗು ನೀರಿನಲ್ಲಿ ಅಂದಾಜಿಗಿಂತ ಒಂದೂವರೆ ಸೆಂಟಿಮೀಟರ್ ಹೆಚ್ಚು ಇಳಿದಿದೆ ಎಂದು ಮೊದಲೇ ಅಳೆದಿದ್ದರು.

"ಒಂಬತ್ತು ಟನ್ ಜಾಸ್ತಿ ಇದೆ. ಅದೂ ಎಲ್ಲೋ ಮೇಲೆ. ಒಟ್ಟು ಭಾರ ಆರು ಸೆಂಟಿಮೀಟರ್ ಮೇಲಕ್ಕೆ ಹೋಗಿದೆ," ಎಂದರು. "ನಾಲ್ಕರವರೆಗೆ ಆಗಿದ್ರೆ ಮುನ್ನೂರು ಪ್ರಯಾಣಿಕರಿಗೆ ಸಹಿ ಹಾಕ್ತಿದ್ದೆ. ಈಗ ಇನ್ನೂರ ನಲವತ್ತು."

"ತಳದಲ್ಲಿ ಕಬ್ಬಿಣದ ಗಟ್ಟಿ ಹಾಕಿದ್ರೆ?" ಎಂದರು ಮುಖ್ಯ ವಿನ್ಯಾಸಕರು. ಅವರನ್ನು ಎಲ್ಲರೂ ಡ್ರಾಯಿಂಗ್ ಸಾಹೇಬ್ರು ಎನ್ನುತ್ತಿದ್ದರು, ಎದುರಿಗೂ.

"ಹಾಕಿ. ಆಗ ಹಡಗು ಇನ್ನೂ ಇಳಿಯುತ್ತೆ. ಇದು ಹೋಗಿಬರೋ ದ್ವೀಪದ ಕಡೆ ಸಮುದ್ರದ ಇಳಿತದಲ್ಲಿ ನೀರು ಎಷ್ಟಿರುತ್ತೆ ಅಂತ ನಿಮ್ಮ ಕರಾರಿನಲ್ಲೇ ಬರೆದಿದ್ದೀರಿ. ಒಂದು ಬೆರಳೂ ಜಾಗ ಇಲ್ಲ." ಸರ್ವೇಯರಮ್ಮ ಚೀಟಿ ಮಡಚಿದರು. "ಗುರುವಾರ ಬೆಳಿಗ್ಗೆ ಬರ್ತೀನಿ. ಒಂಬತ್ತು ಟನ್ ಎಲ್ಲಿದೆ ಅಂತ ತೋರಿಸಿ, ತೆಗೆಯೋದಾದ್ರೆ ತೆಗೀರಿ, ಮತ್ತೆ ವಾಲಿಸಿ ನೋಡೋಣ."

ಅವರು ಹೋದ ಮೇಲೆ ಡ್ರಾಯಿಂಗ್ ಸಾಹೇಬ್ರು ತಕ್ಕಡಿಯ ಕಡೆ ತಿರುಗಿದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

"ಒಂಬತ್ತು ಟನ್ ಅಂದ್ರೆ ಜೇಬಿನಲ್ಲಿ ಇಟ್ಕೊಂಡು ಹೋಗೋ ಸಾಮಾನಲ್ಲ. ಎರಡು ಆನೆ ಏಣಿ ಹತ್ತಿ ಹೋಗಿವೆ, ನೀವು ಬಾಗಿಲಲ್ಲೇ ಕೂತಿದ್ರಿ. ಗುರುವಾರದೊಳಗೆ ಸಿಗಲಿಲ್ಲ ಅಂದ್ರೆ ಪುಸ್ತಕ ಬೇರೆಯವರ ಕೈಗೆ ಕೊಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

*

ಬೇಜಾರು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಮಧ್ಯಾಹ್ನದ ಊಟ ಬಿಟ್ಟು ಅವಳು ಪುಸ್ತಕ ಬಿಚ್ಚಿದಳು. ಸಾವಿರದ ಆರುನೂರು ಸಾಲುಗಳಿದ್ದವು. ಒಂಬತ್ತು ಟನ್ ಒಂದೇ ಕಡೆ ಇರಲಾರದು, ಇದ್ದರೆ ಕುರುಡರಿಗೂ ಕಾಣುತ್ತಿತ್ತು. ಚೂರುಚೂರಾಗಿ ಎಲ್ಲೆಲ್ಲೋ ಹಂಚಿಹೋಗಿರಬೇಕು. ಕೇಬಲ್ಲುಗಳೇ? ಮೇಲಿನ ಡೆಕ್ಕಿನ ಬೆಂಚುಗಳೇ? ಗಾಜು? ನೆಲಕ್ಕೆ ಹಾಸಿದ ರಬ್ಬರು?

ಮಂಗಳವಾರ ಅವಳು ಹಡಗಿನಲ್ಲಿ ಎಷ್ಟು ಸಲ ಹತ್ತಿ ಇಳಿದಳೆಂದರೆ ಕಾವಲುಗಾರ ಬಾಗಿಲು ಹಾಕುವುದನ್ನೇ ಬಿಟ್ಟ. ಒಂದು ಬೆಂಚು ಬಿಚ್ಚಿಸಿ ಕಟ್ಟೆಯ ಮೇಲಿಟ್ಟಳು: ನಲವತ್ತೊಂದು ಕಿಲೊ, ಪುಸ್ತಕದಲ್ಲಿ ನಲವತ್ತೊಂದು. ಕಿಟಕಿಯ ಗಾಜೊಂದನ್ನು ಇಳಿಸಲು ಹೇಳಿದಾಗ ಗಾಜಿನವನು ಎರಡೂ ಕೈ ಜೋಡಿಸಿದ. "ಅಕ್ಕಾ, ಅಂಟು ಒಣಗಿ ಮೂರು ದಿನ ಆಯ್ತು. ಬೇಕಾದ್ರೆ ನನ್ನನ್ನ ತೂಗಿ, ಗಾಜು ಬಿಟ್ಬಿಡಿ." ತೂಗದೆ ಬಿಡಲಿಲ್ಲ. ಗಾಜೂ ಸರಿಯಿತ್ತು. ಕೇಬಲ್ ತಟ್ಟೆಗಳನ್ನು ಟೇಪು ಹಿಡಿದು ಅಳೆದಳು. ಎಲ್ಲ ಸೇರಿ ಇನ್ನೂರು ಕಿಲೊ ಹೆಚ್ಚು ಸಿಕ್ಕಿತು. ಒಂಬತ್ತು ಟನ್ನಿನ ಮುಂದೆ ಅದು ಸೊಳ್ಳೆ.

ಸಂಜೆ ಮನೆಗೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಓಡಾಡಿದಳು. ಅದು ಅಣ್ಣ, ಅತ್ತಿಗೆ, ಅವಳು ಮೂವರಿರುವ ಮನೆ. ಅಣ್ಣ ಅದೇ ಹಡಗುಕಟ್ಟೆಯಲ್ಲಿ ಬಣ್ಣದ ತಂಡದ ಮೇಸ್ತ್ರಿ. ಕನ್ನಡಿ ಮೇಸ್ತ್ರಿ ಎಂದರೆ ಬೇರೆ ಬಂದರಿನವರಿಗೂ ಗೊತ್ತು. ಅವನು ಮುಗಿಸಿದ ಗೋಡೆಯ ಮುಂದೆ ನಿಂತು ಕ್ಷೌರ ಮಾಡಿಕೊಳ್ಳಬಹುದು ಎಂಬ ಮಾತಿತ್ತು. ಒಬ್ಬ ಬಡಗಿ ನಿಜವಾಗಿಯೂ ಮಾಡಿಕೊಂಡಿದ್ದ.

"ಒಂದು ಕಡೆ ಕೂತ್ಕೊಳ್ಳೆ," ಎಂದಳು ಅತ್ತಿಗೆ, ಆಚೆ ದಡದ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ಆಗಷ್ಟೇ ಬಂದವಳು. "ದಿನಾ ದೋಣಿಯಲ್ಲಿ ತೂಗಾಡಿ ಬರೋಳು ನಾನು, ಮನೇಲಿ ತೂಗಾಡೋಳು ನೀನು."

"ಅದು ದೋಣಿ ಅಲ್ಲ ಅತ್ತಿಗೆ, ಹಡಗು. ಅರವತ್ತೆರಡು ಮೀಟರ್."

"ನಿಲ್ಲೋಕೆ ಜಾಗ ಇಲ್ದೆ ಇದ್ಮೇಲೆ ಎಷ್ಟು ಮೀಟರ್ ಆದ್ರೇನು? ಮೇಲ್ಗಡೆ ಡೆಕ್ಕು ತುಂಬಿ ತುಳುಕ್ತಾ ಇರುತ್ತೆ. ಎಲ್ಲರಿಗೂ ಗಾಳಿ ಬೇಕು."

ಅಣ್ಣ ಕೈಯ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತ ನಕ್ಕ. "ನಮ್ಮ ಹೊಸಬಳು ಬರಲಿ ಇರು. ಮೇಲಿನ ಗೋಡೆ ನೋಡಿದ್ರೆ ಯಾರೂ ಸಮುದ್ರ ನೋಡಲ್ಲ. ನಾಳೆ ಮುಂಗೋಡೆಗೆ ಕೊನೇ ಕೈ."

ಕಟ್ಟೆಯಲ್ಲಿ ಹಡಗುಗಳಿಗೆ ಇಂಥವೇ ಹೆಸರು. ಇದೇ ನಕ್ಷೆಯ ಮೇಲೆ ಮೊದಲು ಕಟ್ಟಿದ್ದು ದೊಡ್ಡವಳು, ಐದು ವರ್ಷದ ಹಿಂದೆ. ಆಮೇಲೆ ಚಿಕ್ಕವಳು, ಮೂರು ವರ್ಷದ ಹಿಂದೆ. ಅತ್ತಿಗೆ ದಿನಾ ಹೋಗಿಬರುವುದು ಚಿಕ್ಕವಳಲ್ಲಿ. ಈಗ ಡೀಸೆಲ್ ಎಂಜಿನ್ನಿನ ಜಾಗದಲ್ಲಿ ಬ್ಯಾಟರಿ ಹೊತ್ತು ತಯಾರಾಗುತ್ತಿರುವವಳು ಹೊಸಬಳು.

"ನಿಂಗೇನು ಕಷ್ಟ ಈಗ?" ಎಂದ ಅಣ್ಣ.

"ಒಂಬತ್ತು ಟನ್ ಕಳ್ಕೊಂಡಿದ್ದೀನಿ."

"ಸಿಗುತ್ತೆ ಬಿಡು. ಕಾಲು ಬಂದು ಓಡಿಹೋಗೋ ಸಾಮಾನಲ್ಲ."

*

ಬುಧವಾರ ಹತ್ತು ಗಂಟೆಗೆ ಅವಳು ಮೇಲಿನ ಡೆಕ್ಕಿನಲ್ಲಿದ್ದಳು. ಕೈಯಲ್ಲಿ ಉಳಿದ ಕೇಬಲ್ಲುಗಳ ಪಟ್ಟಿ. ಎರಡೂ ಕೈಗೆ ಕೆಲಸವಿದ್ದಾಗ ಪಟ್ಟಿಯನ್ನು ಗೋಡೆಗಿಟ್ಟು ಒಂದು ಪುಟ್ಟ ಅಯಸ್ಕಾಂತ ಅಂಟಿಸುವುದು ಅವಳ ರೂಢಿ. ಇಡೀ ಹಡಗೇ ಉಕ್ಕು, ಎಲ್ಲಿ ಬೇಕಾದರೂ ಹಿಡಿಯುತ್ತದೆ. ಹೊರಗೋಡೆಗೆ ಅಂಟಿಸಿ ತಿರುಗಿದಳು. ಪಟ್ಟಿ ಜಾರಿ ಕೆಳಗೆ ಬಿತ್ತು. ಎತ್ತಿ ಮತ್ತೆ ಅಂಟಿಸಿದಳು. ಮತ್ತೆ ಬಿತ್ತು. ಅಯಸ್ಕಾಂತ ಹಳೆಯದಾಯಿತೆಂದು ಬೈದುಕೊಂಡು ಪಕ್ಕದ ಏಣಿಯ ಕಂಬಿಗೆ ಮುಟ್ಟಿಸಿದಳು. ಟಕ್ ಎಂದು ಕಚ್ಚಿತು. ಬಿಡಿಸಲು ಉಗುರು ಹಾಕಬೇಕಾಯಿತು.

ಮೂರನೆಯ ಸಲ ಗೋಡೆಗೆ ಇಡುವಾಗ ಕೈ ನಿಂತಿತು.

ಅವಳು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದಳು. ಉಕ್ಕಿನ ಹಾಳೆ ಟಿಣ್ ಎನ್ನಬೇಕು. ದಬ್ ಎಂದಿತು. ಒಂದು ಹೆಜ್ಜೆ ಸರಿದು ತಟ್ಟಿದಳು. ದಬ್. ಕಿಟಕಿಯ ಕೆಳಗೆ, ಬಾಗಿಲ ಪಕ್ಕ, ಎಡಗೋಡೆ, ಬಲಗೋಡೆ, ಹೊಗೆಗೂಡಿನಂತೆ ಎದ್ದ ಗಾಳಿಕೊಳವೆಯ ಸುತ್ತ. ಓಡುತ್ತ ತಟ್ಟಿದಳು. ಬೆರಳು ಕೆಂಪಾಯಿತು. ಎಲ್ಲ ಕಡೆ ಮಣ್ಣಿನ ಗೋಡೆ ತಟ್ಟಿದ ಹಾಗೆ ಅದೇ ಸದ್ದು.

ಚಾಲಕನ ಕೋಣೆಯ ಮುಂಗೋಡೆಯ ಎದುರು ಅಟ್ಟಣಿಗೆ ಕಟ್ಟಿ ಅಣ್ಣ ಒಬ್ಬನೇ ಮರಳುಕಾಗದ ಉಜ್ಜುತ್ತಿದ್ದ. ಮುಖಕ್ಕೆ ಬಟ್ಟೆ, ಹುಬ್ಬಿನ ಮೇಲೆ ಬಿಳಿ ಪುಡಿ.

"ಅಣ್ಣಾ, ಬಣ್ಣದ ಕೆಳಗೆ ಪುಟ್ಟಿ ಎಷ್ಟು ದಪ್ಪ ಹಾಕಿದ್ದೀಯ?"

"ಬೇಕಾದಷ್ಟು."

"ಮಿಲಿಮೀಟರ್ ಹೇಳು."

ಅವನು ಬಟ್ಟೆ ಕೆಳಗೆಳೆದ. "ಅದು ಗೋಡೆಯನ್ನ ಕೇಳು. ಎಲ್ಲಿ ಎಷ್ಟು ಗುಂಡಿ ಇದ್ಯೋ ಅಲ್ಲಿ ಅಷ್ಟು. ಐದು ಮಿಲಿಮೀಟರ್ ಹಾಳೆ ಕೊಟ್ಟಿದ್ದಾರೆ ಸ್ವಾಮಿ ನಿಮ್ಮೋರು. ವೆಲ್ಡಿಂಗ್ ಶಾಖ ತಗುಲಿದ ಕೂಡ್ಲೇ ಒಣಗಿದ ಎಲೆ ಹಾಗೆ ಸುರುಟಿಕೊಳ್ಳುತ್ತೆ. ಪಕ್ಕೆಲುಬು ಎಣಿಸಬಹುದು, ಬಡಕಲು ಕುದುರೆ ಮೈ ಹಾಗೆ. ಮೊದಲಾದ್ರೆ ಬೆಂಕಿ ತಂಡದೋರು ಇದ್ರು. ಹಿಂದಿನಿಂದ ಕಾಯಿಸಿ, ನೀರು ಹೊಡೆದು, ಹಾಳೆಯನ್ನ ಬಿಗಿ ಮಾಡಿ ಕೊಡ್ತಿದ್ರು. ನಾನು ಮೇಲೊಂದು ಕೈ ಸವರಿದ್ರೆ ಮುಗೀತಿತ್ತು. ಈಗ ಅವರಿಲ್ಲ, ಎಲ್ಲ ನನ್ನ ತಲೆ ಮೇಲೆ."

"ಅವರೆಲ್ಲಿ ಹೋದ್ರು?"

"ಆ ಕಡೆ ಡಾಕಿಗೆ. ನೌಕಾಪಡೆಯ ಗಸ್ತು ಹಡಗು ಕಟ್ಟೋಕೆ ಶುರು ಮಾಡಿದ್ರಲ್ಲ. ಪಡೆಯೋರು ಪುಟ್ಟಿ ಮುಟ್ಟೋಕೆ ಬಿಡಲ್ಲ. ಬೆಂಕಿ ಬಿದ್ರೆ ಹೊಗೆ, ಗುಂಡು ಬಿದ್ರೆ ಉದುರುತ್ತೆ ಅಂತಾರೆ. ಅದಕ್ಕೇ ಬೆಂಕಿಯೋರನ್ನೆಲ್ಲ ಅಲ್ಲಿಗೇ ಎಳ್ಕೊಂಡ್ರು. ನಮಗೆ ಸಾಹೇಬ್ರು ಹೇಳಿದ್ದು ಒಂದೇ ಮಾತು: ನೀವಿದ್ದೀರಲ್ಲ ಮೇಸ್ತ್ರಿ, ನೆಟ್ಟಗೆ ಕಾಣೋ ಹಾಗೆ ಮಾಡಿ."

"ಒಂದು ತೂತು ಹಾಕು."

"ಏನು?"

"ಡ್ರಿಲ್ ತಗೊಂಡು ಒಂದು ತೂತು ಹಾಕು. ಉಕ್ಕು ಸಿಗೋವರೆಗೆ."

"ನಿಂಗೆ ತಲೆ ಕೆಟ್ಟಿದ್ಯಾ? ಮೂರು ವಾರದ ಕೆಲಸ ಇದು!"

ಅವಳು ಅಯಸ್ಕಾಂತವನ್ನು ಅವನ ಗೋಡೆಗೆ ಇಟ್ಟು ಕೈಬಿಟ್ಟಳು. ಅದು ಅಟ್ಟಣಿಗೆಯ ಹಲಗೆಯ ಮೇಲೆ ಬಿದ್ದು ಉರುಳಿತು. ಅಣ್ಣ ಅದನ್ನು ನೋಡಿದ, ಅವಳ ಮುಖ ನೋಡಿದ. ಹಲ್ಲು ಕಚ್ಚಿಕೊಂಡು ಡ್ರಿಲ್ ಎತ್ತಿದ.

ಎಂಟು ಕಡೆ ತೂತು ಹಾಕಿದರು. ತಂತಿ ತೂರಿಸಿ ಅಳೆದರು. ಐದು, ಏಳು, ನಾಲ್ಕು, ಆರು, ನಾಲ್ಕು, ಐದು, ಮೂರು, ಆರು. ಸರಾಸರಿ ಐದು. ಪುಟ್ಟಿ ಹಚ್ಚಿದ ಗೋಡೆಯ ವಿಸ್ತೀರ್ಣ ಅವಳಿಗೆ ಬಾಯಿಪಾಠ: ಸಾವಿರದ ನೂರು ಚದರ ಮೀಟರ್. ಈ ಪುಟ್ಟಿ ಒಂದು ಚದರ ಮೀಟರಿಗೆ ಮಿಲಿಮೀಟರೊಂದಕ್ಕೆ ಒಂದು ಕಿಲೊ ಆರುನೂರು ಗ್ರಾಂ ತೂಗುತ್ತದೆ. ಮನಸ್ಸಿನಲ್ಲೇ ಗುಣಿಸಿದಳು. ಎಂಟು ಟನ್ ಎಂಟುನೂರು ಕಿಲೊ.

ಸಿಕ್ಕಿತು. ಆದರೆ ಆ ಅಂಕಿ ಅವಳಿಗೆ ಹೊಸದಲ್ಲ. ಆರು ಮಿಲಿಮೀಟರ್ ಇದ್ದ ಹಾಳೆಯನ್ನು ಐದಕ್ಕೆ ಇಳಿಸಿದರೆ ಮೇಲ್ಭಾಗದಲ್ಲಿ ಎಂಟೂವರೆ ಟನ್ ಉಳಿಯುತ್ತದೆ ಎಂದು ದೊಡ್ಡವಳನ್ನು ಕಟ್ಟುವಾಗ ಲೆಕ್ಕ ಕೊಟ್ಟವಳು ಅವಳೇ. ಸಾಹೇಬ್ರು ಬೆನ್ನು ತಟ್ಟಿದ್ದರು. ಉಕ್ಕಾಗಿ ಇಳಿಸಿದ ಭಾರ ಪುಟ್ಟಿಯಾಗಿ ಹತ್ತಿ ಕೂತಿತ್ತು, ಚೂರೂ ಕಡಮೆಯಾಗದೆ.

ಹತ್ತಲು ದಾರಿ ಮಾಡಿಕೊಟ್ಟವಳೂ ಅವಳೇ. ಪುಟ್ಟಿ ಎರಡು ಡಬ್ಬಗಳ ಸರಕು, ಕೆಳಗೇ ಬೆರೆಸಿ ಮೇಲಕ್ಕೆ ಒಯ್ಯಬೇಕು, ಕಲಸಿದ ನಲವತ್ತು ನಿಮಿಷಕ್ಕೆ ಕಲ್ಲಾಗುತ್ತದೆ. ತೂಕದ ಕಟ್ಟೆಯ ಮುಂದೆ ಸಾಲು ನಿಂತರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಡಬ್ಬದಲ್ಲೇ ಗಟ್ಟಿಯಾದ ಪುಟ್ಟಿಯನ್ನು ಅಣ್ಣ ಒಮ್ಮೆ ಅವಳ ಮೇಜಿನ ಮೇಲೆ ತಂದು ಕುಕ್ಕಿದ್ದ. "ತೂಗು ತಾಯಿ, ಈಗ ಎಷ್ಟು ಹೊತ್ತು ಬೇಕಾದ್ರೂ ತೂಗು." ಅವತ್ತೇ ಅವಳು ಒಂದು ಚೀಟಿ ಬರೆದಳು: ಬಣ್ಣದ ತಂಡದ ಸರಕನ್ನು ತೂಗಬೇಕಿಲ್ಲ, ನಕ್ಷೆಯಲ್ಲಿ ಹೇಳಿದ ದಪ್ಪದಿಂದ ಲೆಕ್ಕ ಹಾಕಿಕೊಳ್ಳಲಾಗುವುದು. ನಕ್ಷೆಯ ಪ್ರಕಾರ ಬಣ್ಣಕ್ಕೆ ಎರಡು ಟನ್ ನೂರು ಕಿಲೊ, ಪುಟ್ಟಿಗೆ ಹೆಚ್ಚುಕಡಮೆ ಏನೂ ಇಲ್ಲ. ಪ್ರತಿ ಹಡಗಿಗೂ ಅದೇ ಅಂಕಿ. ಬೇರೆ ಯಾವ ಮೇಸ್ತ್ರಿ ಕೇಳಿದ್ದರೂ ಅವಳು ಆ ಚೀಟಿ ಬರೆಯುತ್ತಿರಲಿಲ್ಲ.

"ಕೆರೀಬೇಕಾ?" ಎಂದ ಅಣ್ಣ.

"ಮೇಲಿನಿಂದ ಶುರು ಮಾಡಿ ಒಂದು ನಾಲ್ಕು ಟನ್ ತೆಗೆದ್ರೆ ಸಾಕು."

"ಮೇಲಿನದು ಅಂದ್ರೆ ಇದೇ." ಅವನು ಮುಂಗೋಡೆಗೆ ಅಂಗೈ ಇಟ್ಟ. ಸಣ್ಣಗೆ ನಕ್ಕ. "ಇದೇನು ಮಹಾ. ಚಿಕ್ಕವಳಿಗೆ ಇದಕ್ಕಿಂತ ಜಾಸ್ತಿ ಹಚ್ಚಿದ್ವಿ. ಅವಾಗಿನ್ನೂ ಕೈ ಕೂತಿರಲಿಲ್ಲ."

ತಕ್ಕಡಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದವಳು ತಿರುಗಿದಳು.

"ಬೆಂಕಿ ತಂಡ ಹೋಗಿದ್ದು ಯಾವಾಗ?"

"ಚಿಕ್ಕವಳ ಮೇಲ್ಭಾಗ ಏಳೋ ಹೊತ್ತಿಗೆ. ಯಾಕೆ?"

*

ಯಾಕೆಂದರೆ ಚಿಕ್ಕವಳನ್ನು ವಾಲಿಸಿ ನೋಡಿರಲಿಲ್ಲ.

ಒಂದೇ ನಕ್ಷೆಯ ಎರಡನೆಯ ಹಡಗಿಗೆ ವಾಲಿಸುವ ಪರೀಕ್ಷೆ ಬಿಡಬಹುದು. ಬರೀ ನೀರಿನಲ್ಲಿ ಎಷ್ಟು ಇಳಿದಿದೆ ಎಂದು ನೋಡಿ, ಮೊದಲಿನದಕ್ಕಿಂತ ತೂಕ ನೂರಕ್ಕೆ ಎರಡರೊಳಗೆ ಹೆಚ್ಚುಕಡಮೆ ಇದ್ದರೆ ಅಕ್ಕನ ಅಂಕಿಗಳನ್ನೇ ತಂಗಿಗೂ ಬರೆದುಕೊಳ್ಳುತ್ತಾರೆ. ತಕ್ಕಡಿ ಕಚೇರಿಗೆ ಓಡಿ ಹಳೆಯ ಪುಸ್ತಕ ಎಳೆದಳು. ದೊಡ್ಡವಳು ಒಂಬೈನೂರ ಐವತ್ತು ಟನ್. ಚಿಕ್ಕವಳು ಹದಿಮೂರು ಟನ್ ಹೆಚ್ಚು. ನೂರಕ್ಕೆ ಒಂದೂವರೆಯೂ ಇಲ್ಲ. ಪಕ್ಕದಲ್ಲಿ ಅವಳದೇ ದುಂಡಗಿನ ಅಕ್ಷರ: "ವೆಲ್ಡಿಂಗ್ ಮತ್ತು ಇತರೆ, ಹಡಗಿನುದ್ದಕ್ಕೂ ಸಮವಾಗಿ ಹಂಚಿದೆ." ಕೆಳಗೆ ಡ್ರಾಯಿಂಗ್ ಸಾಹೇಬರ ಸಹಿ.

ಎಷ್ಟು ಎಂದು ಗೊತ್ತಿತ್ತು. ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಹದಿಮೂರು ಟನ್ ಪೂರ್ತಿ ಮೇಲಿನ ಗೋಡೆಗಳಲ್ಲಿದ್ದರೆ ಭಾರ ಒಂಬತ್ತು ಸೆಂಟಿಮೀಟರ್ ಮೇಲೇರಿರುತ್ತದೆ. ಆ ಹಡಗಿಗೆ ಸುರಕ್ಷತೆಗೆಂದು ಬಿಟ್ಟಿದ್ದ ಮಿಗತೆ ಏಳು.

ಅವಳು ಹಳೆಯ ಪುಸ್ತಕವನ್ನು ಹಾಗೇ ತೆರೆದು ಹಿಡಿದು ಸಾಹೇಬರ ಕೋಣೆಗೆ ಹೋದಳು. ಪುಟ್ಟಿಯ ಸುದ್ದಿ ಕೇಳಿ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಅಬ್ಬ! ಗೋಡೆಯಲ್ಲೇ ಕೂತಿತ್ತಾ? ಭಲೆ. ಕೆರೆಸಿಬಿಡೋಣ. ನಿಮ್ಮ ಪುಸ್ತಕ ನಿಮ್ಮ ಹತ್ರಾನೇ ಇರ್ಲಿ."

"ಸರ್, ಚಿಕ್ಕವಳು..."

ಅವರು ಅವಳು ಚಾಚಿದ ಪುಟವನ್ನು ಓದಿದರು. ಎರಡನೆಯ ಸಲ ಓದಿದರು. ಎದ್ದು ಬಾಗಿಲು ಮುಚ್ಚಿ ಬಂದರು.

"ಮೂರು ವರ್ಷದಿಂದ ದಿನಕ್ಕೆ ಎಂಟು ಸಲ ಹೋಗಿ ಬರ್ತಾ ಇದ್ದಾಳೆ. ಮಗುಚಿದ್ಲಾ?"

"ಸುಮ್ಮನೆ ಓಡಾಡೋವಾಗ ಏನೂ ಆಗಲ್ಲ ಸರ್. ಎಲ್ಲಾದ್ರೂ ಡಿಕ್ಕಿ ಹೊಡೆದು ಒಂದು ಕೋಣೆಗೆ ನೀರು ನುಗ್ಗಿ, ಮೇಲಿದ್ದ ಜನ ಎಲ್ಲ ಒಂದೇ ಕಡೆಗೆ ಓಡಿದ್ರೆ? ಆ ಏಳು ಸೆಂಟಿಮೀಟರ್ ಇಟ್ಟಿರೋದೇ ಅಂಥ ಒಂದು ದಿನಕ್ಕೆ."

"ಹದಿಮೂರೂ ಮೇಲೇ ಇದೆ ಅಂತ ಯಾರು ಹೇಳಿದ್ದು? ತೂಗಿದ್ದೀರಾ? ಇಲ್ಲ. ಯಾಕೆ ತೂಗಿಲ್ಲ? ನಿಮ್ಮ ಚೀಟಿ ಇದೆ. ಹಚ್ಚಿದ್ದು ಯಾರು? ನಿಮ್ಮಣ್ಣ. ಪರೀಕ್ಷೆ ಬಿಡೋದಕ್ಕೆ ಸಹಿ ಯಾರದು? ನಂದು." ಅವರು ಮೂರು ಬೆರಳು ಮಡಚಿ ಮುಷ್ಟಿ ಮಾಡಿ ಮೇಜಿನ ಮೇಲಿಟ್ಟರು. "ಗುರುವಾರ ಹೊಸಬಳ ಮಾತು ಮಾತ್ರ ಆಡೋಣ. ಚಿಕ್ಕವಳು ಮುಂದಿನ ವರ್ಷ ಹೇಗೂ ದುರಸ್ತಿಗೆ ಬರ್ತಾಳೆ. ಆಗ ಸದ್ದಿಲ್ಲದೆ ಕೆರೆಸಿದ್ರಾಯ್ತು. ನಿಮಗೂ ಒಳ್ಳೇದು, ಮೇಸ್ತ್ರಿಗೂ ಒಳ್ಳೇದು."

ಮುಂದಿನ ವರ್ಷ ಎಂದರೆ ಹನ್ನೊಂದು ತಿಂಗಳು. ದಿನಕ್ಕೆ ಎಂಟು ಸಲ. ಅವಳಿಗೆ ಬೇಡವೆಂದರೂ ತಲೆ ಗುಣಾಕಾರ ಮಾಡಿಬಿಟ್ಟಿತು: ಎರಡು ಸಾವಿರದ ಆರುನೂರ ಚಿಲ್ಲರೆ.

ಸಂಜೆಯವರೆಗೆ ಅವಳು ಏನು ಮಾಡಿದಳೆಂದು ಕೇಳಿದರೆ ಹೇಳಲಾರಳು. ಉಗ್ರಾಣಕ್ಕೆ ಹೋದಳು, ಏಕೆ ಬಂದೆನೆಂದು ಮರೆತು ಹಿಂದಿರುಗಿದಳು. ನೌಕಾಪಡೆಯ ಡಾಕಿನವರೆಗೆ ನಡೆದು ಬೇಲಿಯಾಚೆ ಬೆಂಕಿ ತಂಡದವರು ಹಾಳೆ ಕಾಯಿಸುವುದನ್ನು ನಿಂತು ನೋಡಿದಳು. ನೀಲಿ ಜ್ವಾಲೆ, ಹಿಂದೆಯೇ ನೀರಿನ ಕೊಳವೆ, ಬುಸ್ಸೆನ್ನುವ ಆವಿ, ಹಾಳೆ ಟಂಗ್ ಎಂದು ಬಿಗಿಯುವ ಸದ್ದು. ಮನೆಯಲ್ಲಿ ಅಣ್ಣನಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವನಿಗೆ ರಾತ್ರಿಯೆಲ್ಲ ಯೋಚಿಸಿ ಒಂದು ಉತ್ತರ ಹೊಂದಿಸಿಕೊಳ್ಳಲು ಸಮಯ ಕೊಟ್ಟಂತಾಗುತ್ತದೆ, ಅದು ಯಾವ ಉತ್ತರವೇ ಆಗಿರಲಿ.

*

ಗುರುವಾರದ ಸಭೆ ಇಪ್ಪತ್ತು ನಿಮಿಷದಲ್ಲಿ ಮುಗಿಯುವುದರಲ್ಲಿತ್ತು. ಸರ್ವೇಯರಮ್ಮ ತೂತುಗಳ ಅಳತೆ ನೋಡಿದರು, ನಾಲ್ಕು ಟನ್ ಪುಟ್ಟಿ ತೆಗೆಯುವ ಯೋಜನೆಗೆ ಒಪ್ಪಿದರು, ಮುಂದಿನ ವಾರ ಮತ್ತೆ ವಾಲಿಸಿ ನೋಡಲು ದಿನ ಗೊತ್ತು ಮಾಡಿದರು. "ಹುಡುಕಿದ್ದು ಯಾರು?" ಎಂದು ಕೇಳಿ ತಕ್ಕಡಿಯ ಕಡೆ ತಲೆದೂಗಿದರು. ಸಾಹೇಬ್ರು ಕಾಗದ ಜೋಡಿಸಿಕೊಂಡು ಎದ್ದರು. ಕುರ್ಚಿಗಳು ಸರಿದವು.

"ಇನ್ನೊಂದಿದೆ," ಎಂದಳು ತಕ್ಕಡಿ.

ದನಿ ಅವಳಿಗೇ ಸಣ್ಣದಾಗಿ ಕೇಳಿತು. ಸಾಹೇಬ್ರು ಅವಳ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು.

ಅವಳು ಹಳೆಯ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟಳು. ಒಂದೂ ಬಿಡದೆ, ಒಂದೂ ಸೇರಿಸದೆ ಹೇಳಿದಳು: ಬೆಂಕಿ ತಂಡ ಹೋದದ್ದು, ತೂಗದೆ ಬಿಡಲು ತಾನು ಬರೆದ ಚೀಟಿ, ಹದಿಮೂರು ಟನ್, "ಇತರೆ" ಎಂದು ತಾನು ಬರೆದ ಸಾಲು. ಬೆಂಕಿ ತಂಡವಿಲ್ಲದೆ ಹಾಳೆ ನೇರವಾದದ್ದು ಹೇಗೆಂದು ತಾನು ಕೇಳಬೇಕಿತ್ತು, ಕೇಳಲಿಲ್ಲ ಎಂದೂ ಹೇಳಿದಳು.

"ಇದೆಲ್ಲ ಊಹೆ," ಎಂದರು ಸಾಹೇಬ್ರು. "ಚಿಕ್ಕವಳಿಗೆ ಎಷ್ಟು ಪುಟ್ಟಿ ಹೋಗಿದೆ ಅಂತ ಎಲ್ಲೂ ದಾಖಲೆ ಇಲ್ಲ."

"ದಾಖಲೆ ಇಲ್ಲ ಅಂದ್ರೆ ಹಚ್ಚಿದೋರು ಇರ್ತಾರಲ್ಲ," ಎಂದರು ಸರ್ವೇಯರಮ್ಮ. "ಕರೀರಿ."

ಅಣ್ಣ ಬಂದ. ಬೆಳಿಗ್ಗೆಯಿಂದ ಮುಂಗೋಡೆ ಕೆರೆಯುತ್ತಿದ್ದವನು, ಕೂದಲೆಲ್ಲ ಬಿಳಿ. ಕುರ್ಚಿ ಕೊಳೆಯಾಗುತ್ತದೆಂದು ಕೂರಲಿಲ್ಲ. ಮೇಜಿನ ಮೇಲೆ ತೆರೆದಿದ್ದ ಹಳೆಯ ಪುಸ್ತಕದ ಪುಟದ ತಲೆಯಲ್ಲಿ ಚಿಕ್ಕವಳ ನಂಬರು ನೋಡಿದ. ತಂಗಿಯನ್ನು ನೋಡಿದ. ಅವಳು ಕಣ್ಣು ಕೆಳಗೆ ಹಾಕಿದಳು. ಅವನು ಏನು ಹೇಳಬೇಕೆಂಬುದು ತನ್ನ ಮುಖದಲ್ಲಿ ಕಾಣಬಾರದು ಎಂದು.

"ಮೇಸ್ತ್ರಿ, ಆ ಹಡಗಿಗೆ ಪುಟ್ಟಿ ಎಷ್ಟು ಹಚ್ಚಿದ್ರಿ?"

"ಮೂರು ವರ್ಷದ ಮಾತು ಮೇಡಂ."

"ನೆನಪಿರೋಷ್ಟು ಹೇಳಿ."

ಅವನು ಬೆರಳಿನ ಪುಡಿಯನ್ನು ಹೆಬ್ಬೆರಳಿನಿಂದ ತಿಕ್ಕಿದ. ಸ್ವಲ್ಪವೇ ಎಂದರೂ ನಡೆಯುತ್ತಿತ್ತು. ಅವನ ಹನ್ನೊಂದು ಜನರ ತಂಡಕ್ಕೆ ಮುಂದಿನ ಎರಡು ಹಡಗುಗಳ ಮಾತು ಆಗಿತ್ತು. ಕೋಣೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು.

"ಇದಕ್ಕೆ ಐದು," ಎಂದ ಕೊನೆಗೆ. "ಅದಕ್ಕೆ ಏಳು, ಎಂಟು. ಹಿಂಗೋಡೆಯಲ್ಲಿ ಒಂದು ಕಡೆ ಹದಿನೈದು. ಅಲ್ಲಿ ಒಂದು ದೊಡ್ಡ ಗುಂಡಿ ಇತ್ತು, ಮೂರು ಸಲ ತುಂಬಿದ್ವಿ. ಡಬ್ಬ ಎಷ್ಟು ಖಾಲಿ ಆಯ್ತು ಅಂದ್ರೆ ನನ್ನ ಹುಡುಗ್ರು ಅದರಲ್ಲೇ ಒಂದು ಗೋಡೆ ಕಟ್ಟಿ ಅದರ ಹಿಂದೆ ಮಲಗ್ತಿದ್ರು."

ಸರ್ವೇಯರಮ್ಮ ಗಡಿಯಾರ ನೋಡಿದರು. ಹನ್ನೊಂದೂ ಇಪ್ಪತ್ತು.

"ಈಗ ಎಲ್ಲಿದೆ ಅದು?"

"ಹನ್ನೊಂದೂಕಾಲಿನ ಟ್ರಿಪ್ಪು," ಎಂದ ಅಣ್ಣ. "ಈಗಷ್ಟೇ ಹೊರಟಿರುತ್ತೆ."

ಸರ್ವೇಯರಮ್ಮ ಫೋನನ್ನು ಮೇಜಿನ ನಡುವೆ ಇಟ್ಟು, ಎಲ್ಲರಿಗೂ ಕೇಳುವಂತೆ ಮಾಡಿ ಹಡಗಿನ ನಂಬರು ಒತ್ತಿದರು. ಎರಡು ಸಲ ತಪ್ಪಿತು. ಮೂರನೆಯ ಸಲ ಗಾಳಿ, ಎಂಜಿನ್ನು, ಮಗುವೊಂದರ ಅಳು, ಅವುಗಳ ನಡುವಿನಿಂದ ಕ್ಯಾಪ್ಟನ್ನಿನ ದನಿ.

"ಮೇಲಿನ ಡೆಕ್ಕಿನಲ್ಲಿ ಎಷ್ಟು ಜನ ಇದ್ದಾರೆ?"

"ಯಾಕೆ ಮೇಡಂ? ತುಂಬಿದೆ. ನೂರು, ನೂರಾ ಹತ್ತು."

ಸರ್ವೇಯರಮ್ಮ ತಕ್ಕಡಿಯ ಕಡೆ ನೋಡಿದರು. ಅವಳು ಆಗಲೇ ಚೀಟಿಯ ಮೇಲೆ ಗುಣಿಸಿ ಮುಗಿಸಿದ್ದಳು. "ಅವರೆಲ್ಲ ಕೆಳಗಿ​ಳಿದ್ರೆ ಐದು ಸೆಂಟಿಮೀಟರ್ ವಾಪಸ್ ಬರುತ್ತೆ. ಸದ್ಯಕ್ಕೆ ಸಾಕು," ಎಂದಳು.

"ಎಲ್ಲರನ್ನೂ ಕೆಳಗಿಳಿಸಿ, ಮೇಲಿನ ಡೆಕ್ಕು ಮುಚ್ಚಿ. ನಿಧಾನವಾಗಿ, ಎರಡೂ ಕಡೆಯ ಏಣಿಯಿಂದ. ಒಂದೇ ಪಕ್ಕಕ್ಕೆ ನುಗ್ಗೋಕೆ ಬಿಡಬೇಡಿ. ಕಾರಣ ಬರವಣಿಗೆಯಲ್ಲಿ ಕಳಿಸ್ತೀನಿ."

"ಬಿಸಿಲು ಚೆನ್ನಾಗಿದೆ ಮೇಡಂ, ಜನ ಜಗಳಕ್ಕೆ ಬರ್ತಾರೆ."

"ಬರಲಿ."

ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಏನೋ ಹೇಳಿದ್ದು ಕೇಳಿಸಿತು. ಗೊಣಗಾಟ. ಯಾರೋ ಗಂಡಸು "ದುಡ್ಡು ಕೊಟ್ಟಿಲ್ವಾ ನಾವು?" ಎಂದ. ಆಮೇಲೆ ಸದ್ದು ಶುರುವಾಯಿತು: ಕಬ್ಬಿಣದ ಮೆಟ್ಟಿಲುಗಳ ಮೇಲೆ ಕಾಲುಗಳು. ಒಂದು, ಎರಡು, ಆಮೇಲೆ ಎಣಿಸಲಾಗದಷ್ಟು. ತಕ್ಕಡಿ ಎಣಿಸಲು ಹೋಗಿ ಇಪ್ಪತ್ತರ ಮೇಲೆ ಎರಡು ಸಲ ತಪ್ಪಿದಳು. ಸಾಹೇಬ್ರು ಅವಳ ಮುಂದಿನ ಎರಡೂ ಪುಸ್ತಕಗಳನ್ನು, ಹೊಸಬಳದ್ದನ್ನೂ ಚಿಕ್ಕವಳದ್ದನ್ನೂ, ತಮ್ಮ ಕಡೆಗೆ ಎಳೆದುಕೊಂಡರು. ಅವಳು ತಡೆಯಲಿಲ್ಲ.

"ಇನ್ನೂ ಇಳೀತಾ ಇದ್ದಾರೆ," ಎಂದ ಕ್ಯಾಪ್ಟನ್.

ಅಣ್ಣ ಬಾಗಿಲ ಕಡೆ ನಡೆದ. ಅವಳ ಕುರ್ಚಿಯ ಹಿಂದೆ ಒಂದು ಗಳಿಗೆ ನಿಂತ.

"ನಿನ್ನೆ ರಾತ್ರಿನೇ ಹೇಳೋಕಾಗ್ತಿರಲಿಲ್ವಾ?" ಎಂದ ಮೆಲ್ಲಗೆ. ಕೋಪವಿತ್ತು. "ನಾನು ಸುಳ್ಳು ಹೇಳ್ತೀನಿ ಅಂದ್ಕೊಂಡ್ಯಾ?"

ಫೋನಿನಲ್ಲಿ ಮೆಟ್ಟಿಲಿಳಿಯುವ ಸದ್ದು ಇನ್ನೂ ನಿಂತಿರಲಿಲ್ಲ.